ಎರಡಾಣೆಯ ಬಂಡವಾಳ

ಮೂವತ್ತೆಂಟು ರೂಪಾಯಿ, ಹದಿಮೂರು ಆಣೆ, ಎರಡು ಪೈ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಬಾಗಿಲು ತೆರೆದ ಒಂದು ಬ್ಯಾಂಕಿನಲ್ಲಿ ಮೊದಲ ದಿನದ ಲೆಕ್ಕ ಮುಗಿದಾಗ ಸೇರಿದ್ದ ಹಣ ಇಷ್ಟು. ಮೂಲ ಬಂಡವಾಳ ಐದು ಸಾವಿರ ರೂಪಾಯಿ. ಹೆಸರು ಮಾತ್ರ ಉದ್ದವಾಗಿತ್ತು: ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್. ಸ್ಥಾಪಕರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ದೇಶವೆಲ್ಲ ಹೆಸರಾದದ್ದು ಇದೇ ಬ್ಯಾಂಕು. ಉಡುಪಿಯಲ್ಲಿ ಸಾಹೇಬರು ವಾಸಿಸುತ್ತಿದ್ದ ಮನೆಯನ್ನು ಬ್ಯಾಂಕಿನವರು ನಾಣ್ಯಗಳ ಮ್ಯೂಸಿಯಂ ಮಾಡಿದರು. ಕೆಲವು ವರ್ಷಗಳ ಹಿಂದೆ ನನ್ನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಣೆ, ಪೈಗಳನ್ನು ಗಾಜಿನೊಳಗೆ ನೋಡಿದ ಅವಳು ಕೇಳಿದ ಪ್ರಶ್ನೆ ಒಂದೇ: "ಇಷ್ಟು ಸಣ್ಣ ದುಡ್ಡಿನಲ್ಲಿ ಬ್ಯಾಂಕು ಹೇಗೆ ಮಾಡುತ್ತಾರೆ ಅಬ್ಬಾ?"

ನಾನು ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲ. ಸಮಾಜವಾದದ ಕಾಲ ಮುಗಿಯಿತು, ಇನ್ನು ಯಾವ ಬಗೆಯ ಬಂಡವಾಳಶಾಹಿ ನಮಗೆ ಒಳ್ಳೆಯದು ಎಂಬ ಚರ್ಚೆಯನ್ನು ದೊಡ್ಡ ದೊಡ್ಡ ವಿದ್ವಾಂಸರು ದೆಹಲಿ, ಲಂಡನ್ನುಗಳಲ್ಲಿ ಕುಳಿತು ಮಾಡುತ್ತಿದ್ದಾರೆ. ಅದರ ಒಂದು ಉತ್ತರ ಈ ನಾಲ್ಕು ಊರುಗಳ ನಡುವೆ, ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನಡುವೆ, ನೂರಕ್ಕೂ ಹೆಚ್ಚು ವರ್ಷಗಳಿಂದ ಬಿದ್ದುಕೊಂಡಿದೆ. ಅದನ್ನು ಹೆಕ್ಕಿ ನೋಡುವ ಪ್ರಯತ್ನ ಈ ಲೇಖನ.

ಆ ಕಾಲದ ಉಡುಪಿಯನ್ನು ಊಹಿಸಿಕೊಳ್ಳಬೇಕು. ಮದರಾಸು ಪ್ರಾಂತ್ಯದ ಮೂಲೆಯೊಂದರ ಪೇಟೆ. ರೈಲು ಇಲ್ಲ, ಹೊಳೆಗಳಿಗೆ ಸೇತುವೆ ಇಲ್ಲ. ಅಕ್ಕಿ, ತೆಂಗಿನಕಾಯಿ, ಮೀನಿನ ವ್ಯಾಪಾರ ದೋಣಿಯಲ್ಲಿ, ಎತ್ತಿನ ಗಾಡಿಯಲ್ಲಿ. ಸಾಲ ಬೇಕಾದವನು ಸಾಹುಕಾರನ ಜಗಲಿಗೇ ಹೋಗಬೇಕು. ಅವನು ಹೇಳಿದ್ದೇ ಬಡ್ಡಿ, ಬರೆದದ್ದೇ ಲೆಕ್ಕ. ಒಕ್ಕಲಿನವನ ಗೇಣಿ ಬಾಕಿ, ನೇಕಾರನ ನೂಲಿನ ಬಾಕಿ ಎಲ್ಲವೂ ಅಲ್ಲಿಗೇ ಬಂದು ಸೇರುತ್ತಿದ್ದವು. ಬಂಗಾಳ ವಿಭಜನೆಯ ನಂತರ ಎದ್ದ ಸ್ವದೇಶಿ ಚಳವಳಿಯ ಗಾಳಿ ಇಲ್ಲಿಗೂ ಬೀಸಿತು. ಜಾತಿ ಮತದ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು, ಪರಸ್ಪರ ಸಹಕಾರ ಬೆಳೆಸುವುದು, ಇದೇ ನಿಜವಾದ ಸ್ವದೇಶಿ ಎಂಬ ಅರ್ಥದ ಮಾತುಗಳಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ತಮ್ಮ ಬ್ಯಾಂಕಿನ ಉದ್ದೇಶವನ್ನು ಜನರ ಮುಂದಿಟ್ಟರು. 'ಸರ್ವೇ ಜನಾಃ ಸುಖಿನೋ ಭವಂತು' ಎಂಬುದು ಆ ಬ್ಯಾಂಕಿನ ಧ್ಯೇಯವಾಕ್ಯವಾಯಿತು. ಮುಸ್ಲಿಮ್ ಹಾಜಿಯೊಬ್ಬರು ಕಟ್ಟಿದ ಬ್ಯಾಂಕಿನ ಮುದ್ರೆಯಲ್ಲಿ ಸಂಸ್ಕೃತದ ಹಾರೈಕೆ. ಆಗ ಯಾರಿಗೂ ಅದರಲ್ಲಿ ವಿಶೇಷ ಕಂಡಿರಲಾರದು. ಈಗ ನಮಗೆ ಕಾಣುತ್ತದೆ, ಕಾಲ ಅಷ್ಟು ಬದಲಾಗಿದೆ.

ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಅದೇ ಇಂದಿನ ಕೆನರಾ ಬ್ಯಾಂಕ್. ಮತ್ತೆ ಅದೇ ವರ್ಷ ಅಕ್ಟೋಬರಿನಲ್ಲಿ ಮದರಾಸಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅರ್ಬತ್‌ನಾಟ್ ಎಂಬ ದೊಡ್ಡ ಆಂಗ್ಲ ಕಂಪನಿ ಮುಳುಗಿತು. ಸಾವಿರಾರು ಮಂದಿ ಪಿಂಚಣಿದಾರರು, ವಿಧವೆಯರು, ಗುಮಾಸ್ತರು ಅಲ್ಲಿಟ್ಟ ಹಣವನ್ನು ಲಂಡನ್ನಿನ ಪಾಲುದಾರ ಸಂಸ್ಥೆ ಸಟ್ಟಾ ವ್ಯಾಪಾರದಲ್ಲಿ ಕಳೆದಿತ್ತು. ಸರ್ ಜಾರ್ಜ್ ಅರ್ಬತ್‌ನಾಟ್ ಜೈಲಿಗೆ ಹೋದರು, ಹಣ ಮಾತ್ರ ಪೂರ್ತಿ ಮರಳಲಿಲ್ಲ. ಒಂದೇ ವರ್ಷದಲ್ಲಿ ಎರಡು ಬಗೆಯ ಬಂಡವಾಳ ನಮ್ಮ ಕಣ್ಣ ಮುಂದಿತ್ತು. ಒಂದು ಮೂವತ್ತೆಂಟು ರೂಪಾಯಿಯದು, ಇಟ್ಟವರಿಗೆ ಕಾಣುವಷ್ಟು ಹತ್ತಿರದ್ದು. ಇನ್ನೊಂದು ಲಕ್ಷಗಳದ್ದು, ಏಳು ಸಮುದ್ರದಾಚೆ ಏನಾಗುತ್ತಿದೆ ಎಂದು ಇಟ್ಟವನಿಗೇ ಗೊತ್ತಿಲ್ಲದ್ದು.

ಮುಸ್ಲಿಮರೊಬ್ಬರು ಬಡ್ಡಿಯ ಬ್ಯಾಂಕು ಕಟ್ಟಿದ್ದು ಹೇಗೆ ಎಂದು ಕೇಳುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಬಡ್ಡಿಯನ್ನು ನಿಷೇಧಿಸಿದ ಧರ್ಮ ಅದನ್ನು ನಿಷೇಧಿಸಿದ್ದು ಬಡವನ ಬೆನ್ನೆಲುಬು ಮುರಿಯಬಾರದೆಂದು. ಬಡವನ ಬೆನ್ನೆಲುಬು ಮುರಿಯುತ್ತಿದ್ದ ಸಾಹುಕಾರನ ಜಗಲಿಯಿಂದ ಅವನನ್ನು ಎಬ್ಬಿಸಲು ಹೊರಟವನನ್ನು ನಾನಂತೂ ಫತ್ವಾದ ತಕ್ಕಡಿಯಲ್ಲಿಟ್ಟು ತೂಗಲಾರೆ. ಅದೂ ಅಲ್ಲದೆ, 'ಹಲಾಲ್' ಎಂಬ ಹೆಸರು ಹಚ್ಚಿದ ಮಾತ್ರಕ್ಕೆ ಹಣ ಶುದ್ಧವಾಗುವುದಿಲ್ಲ ಎಂಬುದನ್ನು ನಾವು ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದ್ದೇವೆ. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ಐಎಂಎ ಕಂಪನಿ ಬಡ್ಡಿಯಿಲ್ಲದ ಹೂಡಿಕೆ ಎಂದೇ ಹಣ ಎತ್ತಿತು. ಯಾವ ನ್ಯಾಯದ ವ್ಯಾಪಾರದಲ್ಲೂ ಹುಟ್ಟಲಾರದಂಥ ಲಾಭಾಂಶವನ್ನು ತಿಂಗಳು ತಿಂಗಳು ಕೊಟ್ಟಿತು. 2019ರ ಜೂನ್‌ನಲ್ಲಿ ಮಾಲೀಕ ದೇಶ ಬಿಟ್ಟು ಹೋದಾಗ ಮಗಳ ಮದುವೆಗೆಂದು, ಹಜ್ಜಿಗೆಂದು ಕೂಡಿಟ್ಟಿದ್ದವರು ಬೀದಿಗೆ ಬಂದರು. ಅವರಲ್ಲಿ ಬಹುಪಾಲು ನಮ್ಮವರೇ. ಲೆಕ್ಕ ಕೇಳುವ ಅಭ್ಯಾಸವಿಲ್ಲದ ಕಡೆ ಭಕ್ತಿಯೂ ಬಂಡವಾಳವಾಗುತ್ತದೆ.

ನಾನು ಕಾರ್ಕಳದ ಉರ್ದು ಶಾಲೆಯಲ್ಲಿ ಅಕ್ಷರ ಕಲಿತವನು, ಕನ್ನಡ ಶಾಲೆಯಲ್ಲಿ ಮುಂದೆ ಓದಿದವನು. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಕೇಳಿದಾಗ ಇದ್ದ ಹಾಗೆಯೇ ಮರಳಿಸಬೇಕು, ಮರಳಿಸದವನು ಮನುಷ್ಯನೇ ಅಲ್ಲ. ಕನ್ನಡದ ಸರಕಾರಿ ಭಾಷೆಯಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ಹೈಸ್ಕೂಲಿನಲ್ಲಿ ಪತ್ರಿಕೆ ಓದುವಾಗ ಈ ಎರಡು ಅರ್ಥಗಳ ನಡುವೆ ಸಿಕ್ಕಿ ಬಹಳ ಗೊಂದಲಪಟ್ಟಿದ್ದೆ. ನನ್ನ ನಾನಿಗೆ ಆ ಗೊಂದಲ ಇರಲಿಲ್ಲ. ಅವಳಿಗೆ ಅಮಾನತ್ ಎಂದರೆ ಪಿಗ್ಮಿ.

ಪಿಗ್ಮಿಯ ಕತೆ ಶುರುವಾಗುವುದೂ ಉಡುಪಿಯಲ್ಲೇ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ. ಮೂರು ವರ್ಷಗಳ ನಂತರ, 1928ರಲ್ಲಿ, ಅವರು ಒಂದು ಹೊಸ ಯೋಜನೆ ತಂದರು. ಬ್ಯಾಂಕಿಗೆ ಬರಲು ಹಿಂಜರಿಯುವವರ ಮನೆಗೆ ಬ್ಯಾಂಕೇ ಹೋಗಬೇಕು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಬಾಗಿಲಿಗೇ ಬಂದು ಪಡೆದು ಬರೆದುಕೊಂಡು ಹೋಗುತ್ತಾನೆ. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಆ ಕಾಲದ ನೇಕಾರನಿಗೆ ಅದು ಒಟ್ಟಾಗಿ ಕಣ್ಣಿಗೆ ಬೀಳದ ಹಣ. ಗಿಡ್ಡ ಜನರ ಹೆಸರನ್ನು ಸಣ್ಣ ಠೇವಣಿಗೆ ಇಟ್ಟರು. ಆ ಹೆಸರಿನ ಔಚಿತ್ಯ ಇರಲಿ, ಕೆಲಸ ಮಾತ್ರ ದೊಡ್ಡದಾಯಿತು.

1980ರ ದಶಕದಲ್ಲಿ ನಮ್ಮ ಮನೆಗೆ ಬರುತ್ತಿದ್ದವರನ್ನು ನಾವು ಮಕ್ಕಳು ಪಿಗ್ಮಿ ಮಾಮ ಎಂದೇ ಕರೆಯುತ್ತಿದ್ದೆವು. ನಾನಿ ಮತ್ತು ಅಮ್ಮೀ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಸೂಪು. ವಾರಕ್ಕೊಮ್ಮೆ ಬೀಡಿ ಬ್ರಾಂಚಿನಲ್ಲಿ ಮಜೂರಿ ಸಿಕ್ಕಿದಾಗ ಮೊದಲು ತೆಗೆದಿಡುತ್ತಿದ್ದದ್ದು ಪಿಗ್ಮಿಯ ಹಣ. ಮಾಮ ಸೈಕಲನ್ನು ಹಲಸಿನ ಮರಕ್ಕೆ ಒರಗಿಸಿ, ಜಗಲಿಯ ಅಂಚಿನಲ್ಲಿ ಕುಳಿತು, "ಏನು ಬೂಬಮ್ಮ, ಈ ವಾರ ಎಲೆ ಒಳ್ಳೆಯದು ಸಿಕ್ಕಿತಾ?" ಎಂದು ನಾನಿಯನ್ನು ವಿಚಾರಿಸಿಯೇ ಪುಸ್ತಕ ತೆಗೆಯುತ್ತಿದ್ದರು. ಎಲೆ ಹಾಳಾಗಿದ್ದರೆ ಬೀಡಿ ಕಡಿಮೆ, ಬೀಡಿ ಕಡಿಮೆಯಾದರೆ ಪಿಗ್ಮಿ ಕಡಿಮೆ ಎಂದು ಅವರಿಗೆ ಗೊತ್ತಿತ್ತು. ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ಮದುವೆ, ಯಾರು ಕುಡಿಯುತ್ತಾರೆ, ಯಾರು ಕುಡಿಯುವುದಿಲ್ಲ ಎಲ್ಲವೂ ಗೊತ್ತಿತ್ತು. ಇಂದು ಕಂಪ್ಯೂಟರಿನಿಂದ ತೆಗೆಯುವ ಸಾಲದ ಅರ್ಹತೆಯ ಅಂಕ ಅಂದು ಆ ಸೈಕಲ್ ಮೇಲೆ ಓಡಾಡುತ್ತಿತ್ತು. ಆದರೆ ಒಂದು ವ್ಯತ್ಯಾಸವಿದೆ. ನಾನಿಗೂ ಅವರ ವಿಷಯ ಗೊತ್ತಿತ್ತು. ಅವರ ಮನೆ ಎಲ್ಲಿ, ಮಕ್ಕಳೆಷ್ಟು, ಹೆಂಡತಿಗೆ ಏನು ತೊಂದರೆ. ನಂಬಿಕೆ ಎರಡೂ ಕಡೆಯಿಂದ ಲೆಕ್ಕ ಇಟ್ಟುಕೊಂಡಿತ್ತು.

ಈ ಚಿತ್ರವನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಆ ಸೈಕಲ್ ತುಳಿದವರಿಗೆ ಸಂಬಳ ಇರಲಿಲ್ಲ, ಕಮಿಷನ್ ಮಾತ್ರ. ಮಳೆಗಾಲವಿರಲಿ, ಜ್ವರವಿರಲಿ, ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ತಾವೂ ಕಾರ್ಮಿಕರೇ ಎಂದು ಒಪ್ಪಿಸಲು ಠೇವಣಿ ಸಂಗ್ರಾಹಕರು ವರ್ಷಾನುಗಟ್ಟಲೆ ಹೋರಾಡಬೇಕಾಯಿತು. 1988ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ ಅವರ ಪರವಾಗಿ ತೀರ್ಪು ಕೊಟ್ಟಿತು. ಬ್ಯಾಂಕುಗಳು ಅದನ್ನು ಒಪ್ಪದೆ ಸುಪ್ರೀಂ ಕೋರ್ಟಿನವರೆಗೆ ಹೋದವು. 2001ರಲ್ಲಿ ಸುಪ್ರೀಂ ಕೋರ್ಟು ಸಂಗ್ರಾಹಕರೂ ಕಾರ್ಮಿಕರೇ ಎಂದು ಎತ್ತಿಹಿಡಿಯಿತು. ಎರಡಾಣೆಯಿಂದ ಬ್ಯಾಂಕು ಬೆಳೆಯಿತು ಎನ್ನುವಾಗ ಆ ಎರಡಾಣೆಯನ್ನು ಹೊತ್ತು ತಂದವನ ಬಾಳು ಬೆಳೆಯಿತೇ ಎಂದು ಕೇಳದಿರಲು ಸಾಧ್ಯವಿಲ್ಲ.

ಇನ್ನೂ ಒಂದು ಮಾತಿದೆ. ಮುಖ ನೋಡಿ ಸಾಲ ಕೊಡುವ ಊರಿನಲ್ಲಿ ಮುಖವೇ ಇಲ್ಲದವರ ಗತಿ ಏನು? ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಆ ಕಾಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬ್ಯಾಂಕುಗಳು ಹುಟ್ಟಿದವು. ಸಾರಸ್ವತರು, ಬಂಟರು, ಬ್ರಾಹ್ಮಣರು, ಕ್ಯಾಥೊಲಿಕರು ತಮ್ಮ ತಮ್ಮವರ ಹಣ ಕೂಡಿಸಿ ಕಟ್ಟಿದವು ಅವು. ಅಟ್ಟಾವರ ಬಾಲಕೃಷ್ಣ ಶೆಟ್ಟಿಯವರ ವಿಜಯಾ ಬ್ಯಾಂಕ್ 1931ರಲ್ಲಿ ಹೀಗೆಯೇ ಬಂತು. ಸಮುದಾಯದ ನಂಬಿಕೆ ಅವುಗಳ ಬಲ. ಆ ನಂಬಿಕೆಯ ಗೆರೆಯ ಆಚೆ ಇದ್ದ ಕೊರಗರಿಗೆ, ಗೇಣಿ ಒಕ್ಕಲಿಗೆ, ಮೀನು ಹೊರುವ ಹೆಂಗಸಿಗೆ ಆ ಕೌಂಟರಿನಲ್ಲಿ ಜಾಮೀನು ನಿಲ್ಲುವವರು ಯಾರು?

ಆ ಗೆರೆಯನ್ನು ಅಳಿಸಿದ್ದು ಬಂಡವಾಳಶಾಹಿಯ ಒಳ್ಳೆಯತನವಲ್ಲ, ಕಾನೂನು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ಇದ್ದವು. 1980ರ ಏಪ್ರಿಲ್ 15ರಂದು ಮತ್ತೆ ಆರು ಬ್ಯಾಂಕುಗಳ ಸರದಿ ಬಂದಾಗ ಕಾರ್ಪೊರೇಶನ್ ಮತ್ತು ವಿಜಯಾ ಬ್ಯಾಂಕುಗಳೂ ಸೇರಿದವು. ನಡುವೆ 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತು. ಗೇಣಿದಾರ ಭೂಮಿಯ ಒಡೆಯನಾದ. ಪಹಣಿಯಲ್ಲಿ ಹೆಸರು ಬಂದವನಿಗೆ ಬ್ಯಾಂಕಿನಲ್ಲೂ ಹೆಸರು ಬಂತು. ಇದೇ ಕರಾವಳಿಯ ಬಿ. ಜನಾರ್ದನ ಪೂಜಾರಿಯವರು 1980ರ ದಶಕದಲ್ಲಿ ಕೇಂದ್ರದ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದಾಗ ಸಾಲಮೇಳ ನಡೆಸಿದರು. ಬಡವರಿಗೆ ಬೀದಿಯಲ್ಲಿ ಹಣ ಹಂಚುತ್ತಾರೆ ಎಂದು ಪತ್ರಿಕೆಗಳು ಬಹಳ ನಕ್ಕವು. ತಪ್ಪುಗಳು ಇದ್ದವು, ಮರುಪಾವತಿಯಾಗದ ಸಾಲಗಳು ಇದ್ದವು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ದೊಡ್ಡ ಕಂಪನಿಗಳ ಸಾಲವನ್ನು ಪುಸ್ತಕದಿಂದ ಹೊಡೆದು ಹಾಕಿದಾಗ ಅದೇ ಪತ್ರಿಕೆಗಳು ಅಷ್ಟು ನಗಲಿಲ್ಲ.

ಸರಕಾರಿ ಬ್ಯಾಂಕಾದ ಮೇಲೂ ಮುಖದ ಸಮಸ್ಯೆ ಪೂರ್ತಿ ಹೋಗಲಿಲ್ಲ. 2006ರ ಸಾಚಾರ್ ಸಮಿತಿಯ ವರದಿ, ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ಸಾಲಕ್ಕೆ ಯೋಗ್ಯವಲ್ಲದ ವಲಯವೆಂದು ಗುರುತಿಸಿಟ್ಟಿರುವುದನ್ನು ದಾಖಲಿಸಿದೆ. ಹಾಜಿ ಅಬ್ದುಲ್ಲಾ ಸಾಹೇಬರು ಬ್ಯಾಂಕು ತೆರೆದು ಸರಿಯಾಗಿ ನೂರು ವರ್ಷಕ್ಕೆ ಬಂದ ವರದಿಯಿದು. ಇನ್ನು ನಮ್ಮ ಜಿಲ್ಲೆಯ ಠೇವಣಿಯ ಕತೆ. ಮುಂಬಯಿಯ ಹೋಟೆಲಿನಿಂದ, ಗಲ್ಫಿನಿಂದ ಬಂದ ಹಣ ಇಲ್ಲಿನ ಶಾಖೆಗಳಲ್ಲಿ ರಾಶಿಯಾಗುತ್ತದೆ, ಇಲ್ಲಿ ಸಾಲವಾಗುವುದು ಅದರ ಅರ್ಧದ ಆಸುಪಾಸು. ಉಳಿದದ್ದು ಬೇರೆಲ್ಲೋ ಹೋಗಿ ಬಂಡವಾಳವಾಗುತ್ತದೆ. ಹೋಗಬಾರದೆಂದಲ್ಲ, ದೇಶ ದೊಡ್ಡದು. ಆದರೆ ಕಾರ್ಕಳದ ಹುಡುಗ ಗೇರುಬೀಜದ ಸಣ್ಣ ಕಾರ್ಖಾನೆಗೆ ಸಾಲ ಕೇಳಿದಾಗ ಜಾಮೀನಿಗೆ ಅಲೆದಾಡುವುದನ್ನು ನೋಡಿದವರಿಗೆ ಹೊಟ್ಟೆ ಉರಿಯುತ್ತದೆ.

ಮಣಿಪಾಲದ ಮಾತಿಗೆ ಬರೋಣ. ಬೋಳು ಮುರಕಲ್ಲಿನ ಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪಿಸಿದರು. ಅವರ ಉಪಾಯ ಪಿಗ್ಮಿಯದೇ ಇನ್ನೊಂದು ರೂಪ. ಸರಕಾರದ ಬಳಿ ಹಣವಿಲ್ಲ, ದಾನಿಗಳೂ ಇಲ್ಲ, ಆದ್ದರಿಂದ ಓದುವವರೇ ಕೊಡಲಿ, ಅದರಿಂದಲೇ ಕಾಲೇಜು ನಡೆಯಲಿ. ಅದರಿಂದ ಆದ ಉಪಕಾರವನ್ನು ಮರೆಯಲಾರೆ. ಮಣಿಪಾಲದ ಅಕಾಡೆಮಿಯೇ 1960ರಲ್ಲಿ ಕಾರ್ಕಳದಲ್ಲಿ ಭುವನೇಂದ್ರ ಕಾಲೇಜು ತೆರೆದದ್ದರಿಂದ ನನ್ನಂಥ ಬೀಡಿ ಮನೆಯ ಮಕ್ಕಳು ಪದವಿ ಕಂಡರು. ಆದರೆ ಎರಡಾಣೆಯ ಪಿಗ್ಮಿಗೂ ಮೆಡಿಕಲ್ ಸೀಟಿನ ಶುಲ್ಕಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಪಿಗ್ಮಿಯ ಬಾಗಿಲು ಇದ್ದಷ್ಟು ಕೊಡುವವನಿಗೆ ತೆರೆದಿತ್ತು. ಸೀಟಿನ ಬಾಗಿಲು ಕೇಳಿದಷ್ಟು ಕೊಡುವವನಿಗೆ ಮಾತ್ರ. ಆ ದಾರಿಯನ್ನು ನಂತರ ರಾಜ್ಯದಾದ್ಯಂತ ಹಿಡಿದವರಿಗೆ ಪೈಗಳ ಶ್ರದ್ಧೆ ಇರಲಿಲ್ಲ, ಗಲ್ಲಾಪೆಟ್ಟಿಗೆ ಮಾತ್ರ ಇತ್ತು. 1984ರಲ್ಲಿ ಕರ್ನಾಟಕ ಕ್ಯಾಪಿಟೇಶನ್ ನಿಷೇಧದ ಕಾನೂನು ತರಬೇಕಾಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಖಾಸಗಿಯವರು ಶಿಕ್ಷಣ ಸಂಸ್ಥೆ ನಡೆಸಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗತೆ ಮಾಡಿಕೊಳ್ಳಬಹುದು, ಲಾಭಕೋರತನ ಸಲ್ಲದು ಎಂದು ಹೇಳಿತು. ಮಿಗತೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಇಂದಿಗೂ ಹೆತ್ತವರು ತಮ್ಮ ಜಾಗ ಮಾರಿ ಕಂಡುಕೊಳ್ಳುತ್ತಿದ್ದಾರೆ.

ಈಗ ಕಾಪು. ಅಲ್ಲಿ ಹುಟ್ಟಿದ ಬಿ.ಆರ್. ಶೆಟ್ಟಿಯವರು ಒಂದು ಕಾಲದಲ್ಲಿ ಉಡುಪಿ ಪುರಸಭೆಯ ಸದಸ್ಯರಾಗಿದ್ದವರು. ತಂಗಿಯ ಮದುವೆಯ ಸಾಲ ತೀರಿಸಲು 1973ರಲ್ಲಿ ಅಬುಧಾಬಿಗೆ ಹೋದೆನೆಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಔಷಧಿ ಮಾರುತ್ತಾ ಮನೆ ಮನೆ ಅಲೆದ ಮನುಷ್ಯ 1975ರಲ್ಲಿ ಎನ್ಎಂಸಿ ಆಸ್ಪತ್ರೆ ಕಟ್ಟಿದರು, ಗಲ್ಫಿನಿಂದ ಊರಿಗೆ ಹಣ ಕಳಿಸುವ ಲಕ್ಷಾಂತರ ಮಂದಿಗೆ ಗೊತ್ತಿದ್ದ ಯುಎಇ ಎಕ್ಸ್‌ಚೇಂಜನ್ನು ಬೆಳೆಸಿದರು. 2012ರಲ್ಲಿ ಎನ್ಎಂಸಿ ಲಂಡನ್ ಷೇರುಪೇಟೆಗೆ ಹೋಯಿತು. ನಮ್ಮ ಊರಿನ ಬ್ಯಾರಿಗಳು, ಬಂಟರು, ಮೊಗವೀರರು ಎಲ್ಲರೂ ಅವರ ಬಗ್ಗೆ ಹೆಮ್ಮೆಪಟ್ಟರು. ಸುಳ್ಳು ಹೆಮ್ಮೆಯಾಗಿರಲಿಲ್ಲ ಅದು.

ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗದಲ್ಲಿ ಅವರ ಹೆಸರಿನ ಸರಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆ ಇತ್ತು. ಬಡ ಬಸುರಿಯರ ಆಸ್ಪತ್ರೆ. 2016ರಲ್ಲಿ ರಾಜ್ಯ ಸರಕಾರ ಅದನ್ನು ಶೆಟ್ಟಿಯವರ ಸಂಸ್ಥೆಗೆ ಒಪ್ಪಿಸಿತು. ಇನ್ನೂರು ಹಾಸಿಗೆಗಳ ಹೊಸ ಆಸ್ಪತ್ರೆ ಕಟ್ಟಿ ಉಚಿತವಾಗಿ ನಡೆಸುತ್ತೇವೆ, ಪಕ್ಕದ ಜಾಗದಲ್ಲಿ ಹಣ ಕೊಡುವವರಿಗೆ ದೊಡ್ಡ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕಟ್ಟಿಕೊಳ್ಳುತ್ತೇವೆ ಎಂಬುದು ಒಪ್ಪಂದ. ದಾನದ ಜಾಗವನ್ನು ಖಾಸಗಿಯವರಿಗೆ ಕೊಡಬೇಡಿ ಎಂದು ಊರಿನ ಕೆಲವರು ಪ್ರತಿಭಟಿಸಿದರು. ಅಂಥವರನ್ನು ಅಭಿವೃದ್ಧಿಗೆ ಅಡ್ಡಗಾಲು ಹಾಕುವವರು ಎನ್ನುವುದು ನಮ್ಮ ರೂಢಿ. 2017ರಲ್ಲಿ ಹೊಸ ಕಟ್ಟಡ ತೆರೆಯಿತು. ಶೆಟ್ಟಿಯವರ ತಂದೆತಾಯಿಯ ಹೆಸರೂ ಹಾಜಿಯವರ ಹೆಸರೂ ಒಂದೇ ಫಲಕದಲ್ಲಿ ಕೂಡಿಕೊಂಡವು. ನಿಜ ಹೇಳಬೇಕೆಂದರೆ ಕಟ್ಟಡ ಚೆನ್ನಾಗಿತ್ತು, ಸ್ವಚ್ಛವಾಗಿತ್ತು, ಹೆರಿಗೆಗೆ ದುಡ್ಡು ಕೇಳುತ್ತಿರಲಿಲ್ಲ. ಪ್ರತಿಭಟಿಸಿದವರಿಗೂ ನಾಲಿಗೆ ತಡವರಿಸಿತು.

2019ರ ಡಿಸೆಂಬರಿನಲ್ಲಿ ಅಮೆರಿಕದ ಮಡ್ಡಿ ವಾಟರ್ಸ್ ಎಂಬ ಸಂಸ್ಥೆ ಎನ್ಎಂಸಿಯ ಲೆಕ್ಕಪತ್ರಗಳ ಬಗ್ಗೆ ಸಂಶಯ ಎತ್ತಿತು. ಕೆಲವೇ ತಿಂಗಳಲ್ಲಿ ಹೊರಗೆ ಹೇಳದೆ ಇದ್ದ ಸಾಲ ನಾಲ್ಕು ಶತಕೋಟಿ ಡಾಲರಿಗಿಂತ ಹೆಚ್ಚೆಂದು ಬಯಲಾಯಿತು. 2020ರ ಏಪ್ರಿಲಿನಲ್ಲಿ ಕಂಪನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಇತರರು ತನಗೆ ವಂಚಿಸಿದರು ಎಂಬುದು ಶೆಟ್ಟಿಯವರ ವಾದ. ಅದನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ನಮಗೆ ಸಂಬಂಧಪಟ್ಟದ್ದು ಇಷ್ಟು: ಲಂಡನ್ನಿನ ಷೇರುಪೇಟೆಯಲ್ಲಿ, ಅಬುಧಾಬಿಯ ಲೆಕ್ಕದ ಪುಸ್ತಕದಲ್ಲಿ ಆದ ಏರುಪೇರು ಉಡುಪಿಯ ಹೆರಿಗೆ ವಾರ್ಡಿಗೆ ಬಂದು ಮುಟ್ಟಿತು. ನರ್ಸುಗಳಿಗೆ, ಆಯಾಗಳಿಗೆ ಸಂಬಳ ನಿಂತಿತು, ಅವರು ಮುಷ್ಕರಕ್ಕೆ ಕೂತರು. ಪಕ್ಕದ ದೊಡ್ಡ ಆಸ್ಪತ್ರೆಯ ಕೆಲಸವೂ ನಿಂತಿತು. 2022ರಲ್ಲಿ ಸರಕಾರವೇ ಆಸ್ಪತ್ರೆಯನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು. 1906ರ ಅರ್ಬತ್‌ನಾಟ್ ನೆನಪಾಗದೆ ಇರುವುದಿಲ್ಲ.

ಹಾಜಿಯವರ ದಾನ, ಶೆಟ್ಟಿಯವರ ದಾನ ಎರಡನ್ನೂ ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಬಡವಳ ಹೆರಿಗೆ ಸಿರಿವಂತನ ಒಳ್ಳೆಯ ಮನಸ್ಸಿನ ಮೇಲೆ ನಿಂತರೆ ಅದು ಅವನ ಒಳ್ಳೆಯ ದಿನಗಳ ಮೇಲೂ ನಿಂತಂತೆ. ಹಾಜಿಯವರು ಕೊಟ್ಟ ಜಾಗ ಉಳಿದದ್ದು ಅದು ಸಾರ್ವಜನಿಕ ಆಸ್ತಿಯಾಗಿ ಬರೆಯಲ್ಪಟ್ಟದ್ದರಿಂದ. ಪಿಗ್ಮಿ ಸಂಗ್ರಾಹಕನಿಗೆ ಮಾನ ಬಂದದ್ದು ಕೋರ್ಟಿನಿಂದ. ಗೇಣಿದಾರನಿಗೆ ಸಾಲ ಸಿಕ್ಕಿದ್ದು ಭೂಸುಧಾರಣೆಯಿಂದ. ಹಾಗಾದರೆ ಬ್ಯಾಂಕು ಕಟ್ಟಿದವರದು ಏನೂ ಇಲ್ಲವೇ? ಇದೆ. ನೇಕಾರನ ಎರಡಾಣೆಯೂ ಬಂಡವಾಳವೇ, ಅದರ ಒಡೆಯ ನೇಕಾರನೇ ಎಂದು ಮೊದಲು ಕಂಡವರು ಅವರು. ಮುಂದಿನ ಬಂಡವಾಳಶಾಹಿ ಯಾವುದಾದರೂ ಆಗಲಿ, ನನ್ನ ನಾನಿಯಂಥವಳು ಅದರಲ್ಲಿ ಗಿರಾಕಿಯಾಗಿ ಅಲ್ಲ, ದಾನ ಪಡೆಯುವವಳಾಗಿ ಅಲ್ಲ, ಒಡತಿಯಾಗಿ ಜಗಲಿಯಲ್ಲಿ ಕುಳಿತು ಲೆಕ್ಕ ಕೇಳುವಂತಿರಬೇಕು. ಲೆಕ್ಕ ಕೊಡದವನನ್ನು ಹಿಡಿಯಲು ಸರಕಾರಕ್ಕೆ ಕೈಯೂ ಇರಬೇಕು, ಮನಸ್ಸೂ ಇರಬೇಕು.

ಆ ಹೆಸರುಗಳು ಈಗ ಇಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಊರೆಲ್ಲ ಲಾಕ್‌ಡೌನಿನಲ್ಲಿದ್ದುದರಿಂದ ಬೋರ್ಡು ಬದಲಾದದ್ದು ಕೂಡ ಬಹಳ ಜನ ನೋಡಲಿಲ್ಲ. ದೊಡ್ಡ ಬ್ಯಾಂಕುಗಳು ಬೇಕು ಎಂದು ಸರಕಾರ ಹೇಳಿತು. ಮೂವತ್ತೆಂಟು ರೂಪಾಯಿಯ ಬ್ಯಾಂಕಿನ ಉತ್ತರಾಧಿಕಾರಿಯ ಮುಖ್ಯ ಕಚೇರಿ ಈಗ ಮುಂಬಯಿಯಲ್ಲಿದೆ.

ಪಿಗ್ಮಿ ಮಾತ್ರ ಸತ್ತಿಲ್ಲ. ಕಾರ್ಕಳ ಪೇಟೆಯಲ್ಲಿ ಸಹಕಾರಿ ಸಂಘಗಳ ಸಂಗ್ರಾಹಕರು ಇಂದಿಗೂ ಅಂಗಡಿ ಅಂಗಡಿ ಸುತ್ತುತ್ತಾರೆ. ನಮ್ಮ ಮನೆಗೆ ಬರುವವಳು ಸ್ಕೂಟರಿನಲ್ಲಿ ಬರುವ ಒಬ್ಬ ಹುಡುಗಿ. ಸಣ್ಣ ಯಂತ್ರದಲ್ಲಿ ಅಂಕಿ ಒತ್ತಿ ಚೀಟಿ ಹರಿದು ಕೊಡುತ್ತಾಳೆ. ಅಮ್ಮೀಗೆ ಈಗ ಬೀಡಿ ಕಟ್ಟಲು ಕಣ್ಣು ಕಾಣುವುದಿಲ್ಲ, ಪಿಗ್ಮಿ ಬಿಟ್ಟಿಲ್ಲ. ಆ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ ಎಂದು ಅವಳಿಗೆ ಗೊತ್ತು. ಹುಡುಗಿ ಗೇಟು ದಾಟುವ ಮೊದಲೇ ಒಳಗಿನಿಂದ ಒಂದು ನೋಟ್ ಪುಸ್ತಕ ತಂದು, ತಾರೀಕು ಹಾಕಿ, ಮೊತ್ತವನ್ನು ಉರ್ದುವಿನಲ್ಲಿ ದಪ್ಪಗೆ ಬರೆದಿಡುತ್ತಾಳೆ. ವರ್ಷದ ಕೊನೆಗೆ ಎರಡೂ ತಾಳೆಯಾಗಬೇಕು. ಕಳೆದ ವರ್ಷ ಹತ್ತು ರೂಪಾಯಿ ವ್ಯತ್ಯಾಸ ಬಂದಾಗ ಸಂಘದ ಕಚೇರಿಗೆ ರಿಕ್ಷಾ ಮಾಡಿಕೊಂಡು ಹೋಗಿ ಕೇಳಿದಳು. ರಿಕ್ಷಾಕ್ಕೆ ನಲವತ್ತು ರೂಪಾಯಿ ಆಯಿತು.